ಹೊಗೆಯಿಲ್ಲದ ಒಲೆಯ ಮೊದಲ ಊಟ

ನಾನು ಚಡ್ಡಿಯ ಲಾಡಿ ಕಟ್ಟಿಕೊಳ್ಳಲೂ ಬಾರದಷ್ಟು ಚಿಕ್ಕವನಿದ್ದಾಗ, ಹೊಸನಗರದ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಮೊಟ್ಟಮೊದಲ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದ. ಕೊಟ್ಟಿಗೆಯ ಸಗಣಿಯನ್ನು ನೀರಿನಲ್ಲಿ ಕದಡಿ ಗುಂಡಿಗೆ ಬಿಟ್ಟರೆ ಗ್ಯಾಸು ಹುಟ್ಟಿ, ಪೈಪಿನಲ್ಲಿ ಅಡುಗೆಮನೆಗೆ ಬರುತ್ತದಂತೆ. ಸಗಣಿಯಿಂದ ಒಲೆ ಹೊತ್ತುತ್ತದೆಂದು ಒಬ್ಬರೂ ನಂಬದೆ ಊರವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿಯಂತೂ ಗುಂಡಿ ಸಿಡಿದು ಮನೆಯೇ ಹಾರಿಹೋಗುತ್ತದೆ ಎಂದು ಅಪ್ಪನ ಜೊತೆ ಮಾತು ಬಿಟ್ಟಳು.

ಗ್ಯಾಸು ಬಂದ ವಾರದಲ್ಲೇ ನಮ್ಮ ಗದ್ದೆಯ ನಾಟಿ. ಆಗ ನಮ್ಮಲ್ಲಿ ಮುಯ್ಯಾಳು ಪದ್ಧತಿ. ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಕೂಲಿಯಿಲ್ಲ, ಗದ್ದೆಯವರ ಮನೆಯಲ್ಲಿ ಮಧ್ಯಾಹ್ನ ಹೊಟ್ಟೆ ತುಂಬ ಊಟ. ಆ ಊಟ ಬಿಟ್ಟು ಎದ್ದರೆ ಮುಯ್ಯಿ ಮುರಿದ ಹಾಗೆ.

ನೆಡುತ್ತಿದ್ದ ಹೆಂಗಸರು ನಡುನಡುವೆ ತಲೆಯೆತ್ತಿ ನಮ್ಮ ಮಾಡಿನ ಕಡೆ ನೋಡುತ್ತಿದ್ದರು. ಹಂಚಿನ ಸಂದಿಯಿಂದ ಒಂದೆಳೆ ಹೊಗೆಯೂ ಏಳಲಿಲ್ಲ. ಒಲೆಯನ್ನೇ ಹಚ್ಚಿಲ್ಲವೆಂದು ಅವರಿಗೆ ಗಾಬರಿ. ಮಧ್ಯಾಹ್ನ ಊಟಕ್ಕೆ ಬಂದು ಕೂತರೆ ಎಲೆ ತುಂಬ ಬಿಸಿ ಅನ್ನ, ಕೆಸುವಿನ ಸೊಪ್ಪಿನ ಸಾರು, ಘಮಘಮಿಸುವ ಕಳಲೆ ಪಲ್ಯ.

"ಎಂತರಲ್ಲಿ ಬೇಯ್ಸಿದ್ರಿ ಅಣ್ಣ?" ಎಂದು ಪಕ್ಕದ ಮನೆಯ ಅತ್ತೆ ಕೇಳಿದಳು. ಅಪ್ಪ ಹೆಮ್ಮೆಯಿಂದ ಹೇಳಿಯೇಬಿಟ್ಟ.

ಸಾಲಿನಲ್ಲಿದ್ದ ಕೈಗಳೆಲ್ಲ ಹಿಂದೆ ಸರಿದವು. "ಸಗಣಿ ಗ್ಯಾಸಲ್ಲಿ ಬೆಂದಿದ್ದು ನಮಗೆ ಬ್ಯಾಡ" ಎಂದು ಅತ್ತೆ ಎದ್ದೇ ನಿಂತಳು. ಅವಳು ಕೂತಿದ್ದ ನೆಲವನ್ನು ಬೆಳಿಗ್ಗೆ ಅಕ್ಕ ಸಾರಿಸಿದ್ದೂ ಸಗಣಿಯಿಂದಲೇ. ಅದು ಯಾರಿಗೂ ಹೊಳೆಯಲಿಲ್ಲ. ಅಪ್ಪ ಗದ್ದೆಯ ಕಡೆ ನೋಡಿದ. ಅರ್ಧ ಗದ್ದೆ ಬಾಕಿಯಿತ್ತು, ಕಿತ್ತ ಸಸಿಯ ಕಟ್ಟುಗಳು ಬದುವಿನ ಮೇಲೆ ಬಾಡುತ್ತಿದ್ದವು. ಇವರು ಹೋದರೆ ಮುಂದಿನ ವರ್ಷ ಅನ್ನಕ್ಕೇ ತತ್ವಾರ.

ಆಗ ಅಜ್ಜಿ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದಳು. ಒಲೆಯ ಹೊಗೆಯಲ್ಲಿ ಅವಳ ಕಣ್ಣು ಎಂದೋ ಮಂಜಾಗಿತ್ತು. ಇನ್ನು ಇವಳೂ ಬೈಯುತ್ತಾಳೆ ಎಂದುಕೊಂಡೆ. ಅಜ್ಜಿ ಅಮ್ಮನನ್ನು ಹತ್ತಿರ ಕರೆದು ಅವಳ ಕೆನ್ನೆ, ಕಣ್ಣು ಸವರಿ ನೋಡಿದಳು.

"ಇಷ್ಟ್ ಜನಕ್ಕೆ ಬೇಯ್ಸಿದ್ರೂ ಇವಳ ಕಣ್ಣಲ್ಲಿ ನೀರಿಲ್ಲ. ಒಂದ್ಸಲ ಕೆಮ್ಮಿಲ್ಲ. ನನ್ ಕಣ್ ಅಂತೂ ಹೋಯ್ತು, ಇವಳ್ದಾದ್ರೂ ಉಳೀಲಿ" ಎಂದವಳೇ ಅತ್ತೆ ಬಿಟ್ಟೆದ್ದ ಎಲೆಯ ಮುಂದೆ ಕೂತು ಉಣ್ಣತೊಡಗಿದಳು. ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತೆವು.

ಅತ್ತೆ ಅಡುಗೆಮನೆಗೆ ಹೋಗಿ ನೀಲಿ ಉರಿಯನ್ನೇ ನೋಡುತ್ತ ನಿಂತಳು. ಹಸಿ ಸೌದೆ ಊದಿ ಊದಿ ಅವಳ ಕಣ್ಣೂ ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಬಂದು ಅಜ್ಜಿಯ ಪಕ್ಕ ಕೂತಳು.

"ಅನ್ನ ಬಡ್ಸು ಅತ್ತಿಗೆ" ಎಂದಳು. ಉಳಿದವರೂ ಎಲೆಗೆ ಕೈ ಹಾಕಿದರು. ಸಂಜೆಯೊಳಗೆ ನಾಟಿ ಮುಗಿಯಿತು.

ಮಕ್ಕಳೇ, ನಿಮ್ಮ ಮನೆಯಲ್ಲಿ ಲೈಟರ್ ಒತ್ತಿದರೆ ಒಲೆ ಹೊತ್ತುತ್ತದೆ, ನೀವು ತಿರುಗಿಯೂ ನೋಡುವುದಿಲ್ಲ. ನಿಮ್ಮಮ್ಮ ದೋಸೆ ಹುಯ್ಯುತ್ತ ಹಾಡು ಗುನುಗುತ್ತಾಳೆ. ನನ್ನಮ್ಮನಿಗೂ ಹಾಡು ಬರುತ್ತದೆಂದು ನನಗೆ ಗೊತ್ತಾಗಿದ್ದು ಆ ಮಳೆಗಾಲದಲ್ಲೇ.