ಕೊನೆಯ ವಿಕೆಟ್ಟಿಗೆ ಅತ್ತೆ ಸೊಸೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿಯ ಅಂಗಡಿ ಇಟ್ಟಿದ್ದ ಹೆಂಗಸನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿ ಅಪ್ಪನದು, ಕೀಲಿ ಉಜ್ಜುವ ಅರ ಅಪ್ಪನದು, ಮೊಂಡುತನವೂ ಅಪ್ಪನದೇ. ಯಾರಾದರೂ ತುಕ್ಕು ಹಿಡಿದ ಬೀಗ ತಂದು, "ಒಡೆದುಬಿಡಿ ಅಕ್ಕ, ಹೊಸದು ಹಾಕ್ಕೋತೀವಿ" ಅಂದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. "ಒಡೆಯೋಕೆ ನಾನ್ಯಾಕೆ? ಬೀದೀಲಿ ಕಲ್ಲಿಲ್ವಾ?" ಎಂದು ಎರಡು ಹನಿ ಎಣ್ಣೆ ಬಿಟ್ಟು, ಬೀಗಕ್ಕೆ ಕಿವಿ ಹಚ್ಚಿ, ತಂತಿ ಆಡಿಸುತ್ತ ಕೂತುಬಿಡುತ್ತಿದ್ದಳು. ಅರ್ಧ ಗಂಟೆಯಾದರೂ ಸರಿ, ಅದು ತಾನಾಗಿ ಬಾಯಿ ಬಿಡಬೇಕು.

ಹರೆಯದಲ್ಲಿ ಆಕೆ ಬ್ಯಾಟ್ ಮಾಡುತ್ತಿದ್ದದ್ದೂ ಹೀಗೆಯೇ. ಆಗ ಊರಿನ ಹೆಂಗಸರ ತಂಡಕ್ಕೆ ವರ್ಷಕ್ಕೆ ನಾಲ್ಕೈದು ಮೂರು ದಿನದ ಪಂದ್ಯಗಳಿರುತ್ತಿದ್ದವು. ಬೀಗದಕ್ಕ ಓಪನರ್. ಒಮ್ಮೆ ಬೆಳಿಗ್ಗೆ ಕ್ರೀಸಿಗೆ ಹೋದವಳು ಸಂಜೆ ಬೇಲ್ಸ್ ತೆಗೆಯುವಾಗಲೂ ಅಲ್ಲೇ ನಿಂತಿದ್ದಳು. ಹೊಡೆದದ್ದು ಐವತ್ತೆಂಟು ರನ್. ನೋಡಲು ಬಂದಿದ್ದವರು ಎದುರು ತಂಡದ ಒಬ್ಬಳ ಅಜ್ಜಿ ಮತ್ತು ಮೈದಾನದ ನಾಯಿ. ಅಜ್ಜಿ ಊಟವಾದ ಮೇಲೆ ನಿದ್ದೆ ಹೋಗಿದ್ದರು. ಆದರೂ ಆ ದಿನವನ್ನು ನೆನೆದಾಗಲೆಲ್ಲ ಬೀಗದಕ್ಕನ ಬೆನ್ನು ನೆಟ್ಟಗಾಗುತ್ತಿತ್ತು. ಬರಬರುತ್ತ ಮೂರು ದಿನದ ಪಂದ್ಯಗಳು ನಿಂತವು, ಇಪ್ಪತ್ತು ಓವರಿನದು ಬಂತು. ಆಕೆ ಬ್ಯಾಟನ್ನು ಅಟ್ಟಕ್ಕೆ ಹಾಕಿದಳು. ಟಿವಿಯಲ್ಲಿ ಆ ಆಟ ಬಂದರೆ ಮೂಗು ಮುರಿಯುತ್ತಿದ್ದಳು.

ಹಾಗಿರುವಾಗ ಮಗ ಮದುವೆಯಾಗಲು ಇಷ್ಟಪಟ್ಟದ್ದು ಆಸ್ಪತ್ರೆಯ ನರ್ಸ್ ಒಬ್ಬಳನ್ನು. ಆ ಹುಡುಗಿ ಊರಿನ ಇಪ್ಪತ್ತು ಓವರಿನ ತಂಡದಲ್ಲಿ ಹೆಸರಾದ ಹೊಡೆತಗಾರ್ತಿ. ಮದುವೆಯ ದಿನ, ಬೀಗದಕ್ಕ ಕೊನೆಗೂ ನಿಜವಾದ ಬೀಗಿತ್ತಿಯಾದಳು ಎಂದು ಬೀದಿಯವರೆಲ್ಲ ನಕ್ಕಿದ್ದೇ ನಕ್ಕಿದ್ದು. ಸೊಸೆಯ ಅಪ್ಪ ಬಸ್ ಡ್ರೈವರ್, ಬಾಯಿಗೆ ಬ್ರೇಕೇ ಇಲ್ಲದ ಮನುಷ್ಯ. ರಜೆ ಸಿಕ್ಕರೆ ಮಗಳ ಮನೆಗೆ ಬಂದು, ಚಹಾ ಲೋಟ ಕೈಗೆ ಬರುವ ಮೊದಲೇ ಬೀಗಿತ್ತಿಯನ್ನು ಕೆಣಕುತ್ತಿದ್ದರು.

"ಬೀಗಿತ್ತಿಯವರೇ, ಮೂರು ದಿನ ಆಡಿ ಯಾರೂ ಗೆಲ್ಲಲ್ಲ ಅಂದ್ರೆ ಅದನ್ನ ಆಟ ಅಂತ ಹೇಗೆ ಕರೀತೀರಿ? ನಾನು ದಿನವಿಡೀ ಬಸ್ ಓಡಿಸಿ, ಕೊನೆಗೆ ಯಾವ ಊರಿಗೂ ಹೋಗಲಿಲ್ಲ ಅಂದ್ರೆ ಪ್ರಯಾಣಿಕರು ಬಿಡ್ತಾರಾ?"

"ನಿಮ್ಮ ಇಪ್ಪತ್ತು ಓವರಲ್ಲಿ ಬ್ಯಾಟ್ಸ್‌ಮನ್ ಬಾಲ್ ಬಿಟ್ರೆ ಅಪರಾಧ ಬೀಗರೇ. ನಮ್ಮ ಆಟದಲ್ಲಿ ಬಿಡೋದೂ ಒಂದು ಹೊಡೆತ. ಬೌಲರ್ ಬೆಳಿಗ್ಗೆಯಿಂದ ಹಾಕಿ ಹಾಕಿ ಬೇಸತ್ತು ಒಂದು ಕೆಟ್ಟ ಬಾಲ್ ಹಾಕ್ತಾಳಲ್ಲ, ಅದು ನಂದು."

"ಅಷ್ಟು ಹೊತ್ತಿಗೆ ಜನ ಎದ್ದು ಮನೆಗೆ ಹೋಗಿರ್ತಾರೆ!"

ಸೊಸೆ ಇಬ್ಬರ ಮಾತಿಗೂ ನಗುತ್ತಿದ್ದಳು, ಯಾರ ಕಡೆಗೂ ವಾಲುತ್ತಿರಲಿಲ್ಲ.

ಮದುವೆಯಾಗಿ ಎರಡನೇ ವರ್ಷ, ಹೆಂಗಸರಿಗೆ ಮತ್ತೆ ಮೂರು ದಿನದ ಪಂದ್ಯ ಆಡಿಸುವುದಾಗಿ ಕ್ರಿಕೆಟ್ ಸಂಘದವರು ತೀರ್ಮಾನಿಸಿದರು. ಸೊಸೆ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಳು. ಬೂಟು ಕೂಡ ಬದಲಿಸಿರಲಿಲ್ಲ.

"ಅತ್ತೆ, ನಾನು ಇದುವರೆಗೆ ಒಂದು ಗಂಟೆಗಿಂತ ಹೆಚ್ಚು ಬ್ಯಾಟ್ ಹಿಡಿದೇ ಇಲ್ಲ. ಏನು ಮಾಡ್ಲಿ?"

ಬೀಗದಕ್ಕ ಅರ ಕೆಳಗಿಟ್ಟಳು. ಇಪ್ಪತ್ತಾರು ವರ್ಷಗಳಿಂದ ಯಾರೂ ಆಕೆಯನ್ನು ಈ ಪ್ರಶ್ನೆ ಕೇಳಿರಲಿಲ್ಲ. ಅಂದು ಅಂಗಡಿಯ ಬಾಗಿಲು ಒಂದು ಗಂಟೆ ಮುಂಚೆಯೇ ಮುಚ್ಚಿತು.

ಒಂದು ತಿಂಗಳು ಮನೆಯ ಹಿಂದಿನ ಅಂಗಳದಲ್ಲಿ ಅತ್ತೆ ಬಾಲ್ ಎಸೆದಳು, ಸೊಸೆ ತಡೆದಳು. ಹೊಡೆಯುವುದು ಆ ಹುಡುಗಿಗೆ ನೀರು ಕುಡಿದಷ್ಟು ಸುಲಭ, ಬಿಡುವುದೇ ಕಷ್ಟ. ಸ್ಟಂಪಿನ ಆಚೆ ಹೋಗುವ ಬಾಲಿನ ಹಿಂದೆ ಕೈ ತಾನಾಗಿ ಓಡುತ್ತಿತ್ತು. "ಕರೆಯದ ಮನೆಗೆ ಯಾಕೇ ಹೋಗ್ತೀಯ?" ಎಂದು ಅತ್ತೆ ಗದರುತ್ತಿದ್ದಳು. ಮೂರನೇ ವಾರದ ಹೊತ್ತಿಗೆ ಕೈ ತುಸು ಮಾತು ಕೇಳತೊಡಗಿತ್ತು.

ಪಂದ್ಯದ ದಿನ ಬೆಳಿಗ್ಗೆ ಅಭ್ಯಾಸ ಮಾಡುವಾಗ ತಂಡದ ಬೌಲರ್ ಒಬ್ಬಳ ಪಾದ ಉಳುಕಿತು. ಟಾಸಿಗೆ ಹತ್ತು ನಿಮಿಷ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಕ್ಯಾಪ್ಟನ್ ಅತ್ತಿತ್ತ ನೋಡಿದಳು. ಕಿಟ್ಟಿನ ಪಕ್ಕ ಐವತ್ತೊಂದು ವರ್ಷದ ಬೀಗದಕ್ಕ ನಿಂತಿದ್ದಳು.

"ಅಕ್ಕ, ನೀವು ಬರ್ತೀರಾ? ಸುಮ್ನೆ ಸ್ಲಿಪ್ಪಲ್ಲಿ ನಿಂತ್ಕೊಳ್ಳಿ, ಸಾಕು."

"ಬೂಟಿನ ಅಳತೆ ಐದು. ಇದ್ರೆ ಕೊಡು," ಅಂದಳು ಬೀಗದಕ್ಕ.

ಎರಡು ದಿನ ಆಕೆ ಹೆಚ್ಚೇನೂ ಮಾಡಬೇಕಾಗಿ ಬರಲಿಲ್ಲ. ಸ್ಲಿಪ್ಪಿನಲ್ಲಿ ಒಂದು ಕ್ಯಾಚ್ ಹಿಡಿದಳು, ಒಂದನ್ನು ಬಿಟ್ಟಳು, ಬಿಟ್ಟದ್ದಕ್ಕೆ ತನಗೆ ತಾನೇ ಬೈದುಕೊಂಡಳು. ಮೂರನೇ ದಿನ ಗೆಲ್ಲಲು ಇನ್ನೂರ ಹದಿನಾಲ್ಕು ಬೇಕಿತ್ತು. ಅಷ್ಟರಲ್ಲಿ ಪಿಚ್ಚಿನ ಒಂದು ಬದಿ ಬೂಟಿನ ತುಳಿತಕ್ಕೆ ಕಿತ್ತುಹೋಗಿ, ಬಾಲು ಎಲ್ಲಿ ಬಿದ್ದು ಯಾವ ಕಡೆಗೆ ತಿರುಗುತ್ತದೋ ತಿಳಿಯದಂತಾಗಿತ್ತು. ಇಪ್ಪತ್ತು ಓವರಿನ ಆಟದಲ್ಲಿ ಇಂಥ ಪಿಚ್ ಹುಟ್ಟುವುದಕ್ಕೇ ಸಮಯವಿರುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಔಟಾದರು. ಸೊಸೆ ಮಾತ್ರ ಊಟದ ಹೊತ್ತಿನಿಂದ ಕಲ್ಲಿನಂತೆ ನಿಂತಿದ್ದಳು. ನೂರ ಎಂಬತ್ತಕ್ಕೆ ಒಂಬತ್ತನೇ ವಿಕೆಟ್ ಬಿದ್ದಾಗ ಅವಳದು ಅರವತ್ತೊಂದು. ಉಳಿದದ್ದು ಹದಿನಾರು ಓವರ್, ಬೇಕಾದದ್ದು ಮೂವತ್ತನಾಲ್ಕು ರನ್.

ಬೀಗದಕ್ಕ ಗ್ಲೌಸ್ ಬಿಗಿದುಕೊಂಡು, ಅಟ್ಟದಿಂದ ಇಳಿಸಿ ತಂದಿದ್ದ ಹಳೆಯ ಬ್ಯಾಟ್ ಹಿಡಿದು ಹೊರಟಳು. ಕಾಲಿಗೆ ದಾರಿ ಗೊತ್ತಿತ್ತು.

ಪಿಚ್ಚಿನ ನಡುವೆ ಸೊಸೆ ಎದುರುಗೊಂಡಳು. "ಅತ್ತೆ, ಮೂವತ್ತನಾಲ್ಕು ತಾನೇ? ಹೊಡೆದು ಮುಗಿಸ್ತೀನಿ."

"ಏನೇ ಮುಗಿಸೋದು? ನೀನು ಹೋದ್ರೆ ನಾವೇ ಮುಗಿದ್ವಿ. ಸಂಜೆವರೆಗೆ ನಿಂತ್ಕೊಂಡ್ರೆ ಡ್ರಾ. ಅಷ್ಟು ಸಾಕು."

"ಸಿಕ್ಕಿದ್ದನ್ನಾದ್ರೂ ಹೊಡೀಬಹುದಾ?"

"ಸಿಕ್ಕಿದ್ದನ್ನ ಹೊಡಿ. ಹುಡುಕ್ಕೊಂಡು ಹೋಗ್ಬೇಡ."

ಮೊದಲ ನಾಲ್ಕು ಓವರಿನಲ್ಲಿ ಸೊಸೆಗೆ ಸಿಕ್ಕವು. ನಾಲ್ಕು ಬೌಂಡರಿ, ಒಂದಕ್ಕಿಂತ ಒಂದು ಚೆಂದ. ಎದುರು ತಂಡದ ಕ್ಯಾಪ್ಟನ್ ಗಾಬರಿಯಾಗಿ ಫೀಲ್ಡರುಗಳನ್ನೆಲ್ಲ ಬೌಂಡರಿಗೆ ಅಟ್ಟಿದಳು. ಬೀಗದಕ್ಕನ ಸರದಿ ಬಂದಾಗ ಎಲ್ಲರನ್ನೂ ಹತ್ತಿರಕ್ಕೆ ಕರೆದು ಬ್ಯಾಟಿನ ಸುತ್ತ ನಿಲ್ಲಿಸಿದಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಬೀಗದಕ್ಕ ಒಬ್ಬೊಬ್ಬರ ಮುಖ ನೋಡಿದಳು. ಎಲ್ಲರೂ ತನ್ನ ಮಗನಿಗಿಂತ ಚಿಕ್ಕವರು. ಬಾಲು ಬಂತು. ಬ್ಯಾಟಿನ ಕೆಳಗೆ ಸತ್ತ ಹಾಗೆ ಬಿತ್ತು. ಇನ್ನೊಂದು ಬಂತು, ಅದೂ ಅಲ್ಲೇ ಬಿತ್ತು. ಇಷ್ಟು ವರ್ಷ ಅಟ್ಟದ ಮೇಲಿದ್ದ ಬ್ಯಾಟು ಏನನ್ನೂ ಮರೆತಿರಲಿಲ್ಲ.

ಆಚೆ ಬೇಲಿಯ ಹತ್ತಿರ ಬೀಗರು ಬಂದು ನಿಂತದ್ದು ಕಂಡಿತು. ಮಗಳ ಆಟ ನೋಡಲೆಂದು ರಜೆ ಹಾಕಿದ್ದರಂತೆ. ಜೋರು ಬಾಯಿಯ ಆ ಮನುಷ್ಯ ಬೇಲಿ ಹಿಡಿದು ತುಟಿ ಪಿಟಕ್ ಅನ್ನದೆ ನಿಂತಿದ್ದರು.

ನಾಲ್ಕು ಓವರ್ ಉಳಿದಾಗ ಬೇಕಾದದ್ದು ಒಂಬತ್ತು ರನ್. ಆಗ ಬೀಗದಕ್ಕನಿಗೆ ಏನೋ ಆಯಿತು. ಆಕೆ ಯಾವತ್ತೂ ಉಳಿದ ಓವರುಗಳನ್ನು ಎಣಿಸುತ್ತಿದ್ದವಳು. ಈಗ ಉಳಿದ ರನ್ನುಗಳನ್ನು ಎಣಿಸತೊಡಗಿದಳು. ಎಂಟು. ಆರು. ನಡುವೆ ತಾನೇ ಒಂದು ರನ್ ಓಡಿದಾಗ ಐದು. ಮತ್ತೆರಡು ಸೊಸೆಯದು. ಉಳಿದದ್ದು ಮೂರು! ಕೊನೆಯಿಂದ ಎರಡನೇ ಓವರ್ ಪೂರ್ತಿ ಆಕೆಯ ಪಾಲಿಗೇ ಬಂತು. ಮೂರು ಬಾಲು ತಡೆದಳು. ನಾಲ್ಕನೆಯದು ಗಾಳಿಯಲ್ಲಿ ತೇಲಿ ಬಂದಾಗ ಮೈಯಲ್ಲಿ ಅದೇನು ಹೊಕ್ಕಿತೋ, ಕ್ರೀಸ್ ಬಿಟ್ಟು ಎರಡು ಹೆಜ್ಜೆ ಮುಂದೆ ಹೋಗಿ ಜೀವಮಾನದಲ್ಲೇ ಬೀಸದ ಹಾಗೆ ಬೀಸಿದಳು. ಬಾಲು ಸಿಗಲಿಲ್ಲ. ವಿಕೆಟ್ ಕೀಪರಿಗೂ ಸಿಗಲಿಲ್ಲ. ಗ್ಲೌಸಿಗೆ ತಾಗಿ ಕೆಳಗೆ ಬಿತ್ತು. ಬೀಗದಕ್ಕ ಬಿದ್ದು ಎದ್ದು ಕ್ರೀಸಿಗೆ ಮರಳಿದಳು.

ಸೊಸೆ ಓಡಿಬಂದಳು. "ಅತ್ತೆ! ಏನ್ ಮಾಡ್ತಿದ್ದೀರಾ ನೀವು?"

"ಕೈ ಹೋಗ್ಬಿಡ್ತು ಕಣೆ."

"ಕರೆಯದ ಮನೆಗೆ ಹೋಗ್ಬೇಡಿ!"

ಉಳಿದೆರಡು ಬಾಲನ್ನು ಬೀಗದಕ್ಕ ತಲೆ ತಗ್ಗಿಸಿ ತಡೆದಳು.

ಕೊನೆಯ ಓವರ್ ಸೊಸೆಯದು. ಎದುರು ಕ್ಯಾಪ್ಟನ್ ಈ ಸಲ ಅವಳ ಸುತ್ತಲೂ ಫೀಲ್ಡರುಗಳನ್ನು ಮುತ್ತಿಸಿದಳು. ಹಿಂದೆ ಇಡೀ ಮೈದಾನ ಬರಿದು. ಎತ್ತಿ ಹಾಕಿದರೆ ಗೆಲುವು. ಸೊಸೆ ಮೊದಲನೆಯದನ್ನು ತಡೆದಳು. ಎರಡನೆಯದನ್ನು ಬಿಟ್ಟಳು. "ಈಗ ಹೊಡೀತಾಳೆ, ಈಗ ಹೊಡೀತಾಳೆ" ಎಂದು ಇನ್ನೊಂದು ತುದಿಯಲ್ಲಿ ಬೀಗದಕ್ಕ ಹಲ್ಲು ಕಚ್ಚಿದಳು. ಮೂರು, ನಾಲ್ಕು, ಐದು. ಆರನೆಯದು ಕಿತ್ತುಹೋದ ಜಾಗದಲ್ಲಿ ಬಿದ್ದು ಹಾವಿನಂತೆ ತಿರುಗಿತು. ಸೊಸೆ ಕೊನೆಯ ಕ್ಷಣದಲ್ಲಿ ಬ್ಯಾಟನ್ನು ಹಿಂದಕ್ಕೆಳೆದುಕೊಂಡಳು. ಬಾಲು ಸ್ಟಂಪನ್ನು ಸವರಿಕೊಂಡಂತೆ ಆಚೆ ಹೋಯಿತು.

ಡ್ರಾ. ಸೊಸೆ ತೊಂಬತ್ತೊಂದು, ಅತ್ತೆ ನಲವತ್ತೊಂದು ಬಾಲಿಗೆ ಒಂದು.

"ಯಾಕೇ ಹೊಡೀಲಿಲ್ಲ?" ಬೀಗದಕ್ಕನ ಮೊದಲ ಮಾತು ಅದೇ. "ಮೂರೇ ಮೂರು ರನ್! ಅಲ್ಲಿ ಒಬ್ರೂ ಇರಲಿಲ್ಲ!"

ಸೊಸೆ ಹೆಲ್ಮೆಟ್ ತೆಗೆದಳು. ಮುಖದಿಂದ ಬೆವರು ಇಳಿಯುತ್ತಿತ್ತು. "ನೀವೇ ತಾನೇ ಒಂದು ತಿಂಗಳು ಹೇಳಿಕೊಟ್ಟಿದ್ದು! ಬಾಲ್ ಆ ಥರ ತಿರುಗ್ತಿತ್ತು ಅತ್ತೆ. ನಾನು ಔಟಾಗಿದ್ರೆ ನೀವು ತಡೆದಿದ್ದೆಲ್ಲ ನೀರುಪಾಲು."

ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. ಆಮೇಲೆ ಮೈದಾನದ ನಡುವೆಯೇ, ಎದುರು ತಂಡದವರು ಕೈ ಕುಲುಕಲು ಕಾಯುತ್ತಿರುವಾಗ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೀಗರು ಬೇಲಿ ದಾಟಿ ಬಂದರು. "ಒಂದು ಗಂಟೆ ನಾನು ಉಸಿರೇ ಬಿಟ್ಟಿಲ್ಲ ಬೀಗಿತ್ತಿಯವರೇ. ಯಾರೂ ಗೆಲ್ಲಲಿಲ್ಲ, ಆದ್ರೂ ಜೀವ ಹಿಂಡಿ ಹಾಕಿದ್ರಲ್ಲ."

"ಮೊದಲಿನ ಎರಡು ದಿನ ಇಲ್ದಿದ್ರೆ ಆ ಒಂದು ಗಂಟೆ ಎಲ್ಲಿಂದ ಬರ್ತಿತ್ತು ಬೀಗರೇ?" ಅಂದಳು ಬೀಗದಕ್ಕ. ಮತ್ತೆ ದನಿ ತಗ್ಗಿಸಿ, "ಆದ್ರೆ ನಿಮ್ಮ ಹತ್ರ ಸುಳ್ಳು ಹೇಳಲ್ಲ. ಕೊನೇಲಿ ಒಂದು ಹೊಡೆತ ಹೊಡೆಯೋಕೆ ನನಗೂ ಬರಬೇಕಿತ್ತು."

ಆ ಮಾತನ್ನು ಬೀಗದಕ್ಕ ಬಾಯಿಮಾತಿಗೆ ಆಡಿರಲಿಲ್ಲ. ಮರುವಾರದಿಂದ ಅಂಗಳದಲ್ಲಿ ಬಾಲ್ ಎಸೆಯುವವಳು ಸೊಸೆ, ಬೀಸುವವಳು ಅತ್ತೆ. ಪಕ್ಕದ ಬಡಗಿಯ ಕಿಟಕಿಯ ಗಾಜು ಎರಡು ಸಲ ಹೋಯಿತು. ಎರಡನೆಯ ಸಲ ಅವನು ಬಾಲು ಹಿಂದಿರುಗಿಸುತ್ತ, "ಅಕ್ಕ, ದೂರ ಹೋಗ್ತಿದೆ ಈಗ," ಎಂದು ಮೆಚ್ಚಿಕೊಂಡ. ಸೊಸೆ ಮೂರು ದಿನದ ತಂಡಕ್ಕೆ ಓಪನರ್ ಆದಳು. ಬೀಗದಕ್ಕ ನಲವತ್ತು ದಾಟಿದ ಹೆಂಗಸರ ಇಪ್ಪತ್ತು ಓವರಿನ ತಂಡಕ್ಕೆ ತಾನೇ ಹೋಗಿ ಹೆಸರು ಬರೆಸಿದಳು.

ಮೊದಲ ಪಂದ್ಯದಲ್ಲಿ ಆಕೆ ಅಭ್ಯಾಸಬಲದಿಂದ ಮೂರು ಬಾಲು ತಡೆದಳು. ಹೊರಗಿನಿಂದ ತಂಡದವರೆಲ್ಲ ತಲೆ ಚಚ್ಚಿಕೊಂಡರು. ನಾಲ್ಕನೆಯದನ್ನು ಎತ್ತಿ ಮಿಡ್‌ವಿಕೆಟ್ ಮೇಲಿಂದ ಬೌಂಡರಿಗೆ ಹಾಕಿದಳು. ಐದನೆಯದಕ್ಕೂ ಹಾಗೇ ಬೀಸಿದಳು. ನಡುವಿನ ಸ್ಟಂಪ್ ಹಾರಿಹೋಯಿತು. ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದಿಷ್ಟೂ ಮುಖ ಬಾಡಿಸದೆ ಹೊರಗೆ ಬಂದು, ಗ್ಲೌಸ್ ಬಿಚ್ಚುತ್ತ ಕ್ಯಾಪ್ಟನ್ನನ್ನು ಕೇಳಿದಳು: "ಮುಂದಿನ ಮ್ಯಾಚ್ ಯಾವತ್ತು?"