ಖುಷಿಗೆ ಹೆದರಿದ ಲಿಫ್ಟ್ ರಿಪೇರಿಯವನು

ಲಿಫ್ಟ್ ರಿಪೇರಿಯವನು ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. ಸಿಟ್ಟು ನೆತ್ತಿಗೇರಿದರೆ ಏನು ಮಾಡಬೇಕೆಂದು ಈಗ ಅವನಿಗೆ ಗೊತ್ತಿತ್ತು. ತುಟಿ ಬಿಗಿಹಿಡಿದು ಹತ್ತು ಮಹಡಿ ಮೆಟ್ಟಿಲು ಹತ್ತಿಬಿಡುತ್ತಿದ್ದ; ಮೇಲೆ ತಲುಪುವಷ್ಟರಲ್ಲಿ ಬೈಯುವುದಕ್ಕೂ ಉಸಿರು ಉಳಿಯುತ್ತಿರಲಿಲ್ಲ. ದುಃಖವಾದರೆ ಹೆಂಡತಿಯ ಮುಂದೆ ಕೂತು ಅತ್ತುಬಿಡುತ್ತಿದ್ದ. ಗಂಡಸು ಅಳಬಾರದೆಂಬ ಬಿಗುಮಾನವನ್ನು ವ್ಯಸನಮುಕ್ತಿ ಕೇಂದ್ರದ ಬಾಗಿಲಲ್ಲೇ ಕಳಚಿಟ್ಟು ಬಂದಿದ್ದ.

ಖುಷಿಯ ವಿಷಯ ಮಾತ್ರ ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಕಚೇರಿ ಕಟ್ಟಡವೊಂದರ ತುದಿಯಲ್ಲಿದ್ದ ಲಿಫ್ಟಿನ ಮೆಷಿನ್ ರೂಮಿನಲ್ಲಿ ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಕೂತಿದ್ದಾಗ ಮಗಳ ಫೋನ್ ಬಂತು. ಅವಳು ಅಪ್ಪನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

"ಅಪ್ಪ, ಅಮ್ಮ ಎಲ್ಲಾ ಹೇಳಿದ್ಲು. ಭಾನುವಾರ ಮನೆಗೆ ಬರ್ತೀನಿ. ಇರ್ತೀಯಲ್ಲ?"

"ಇರ್ತೀನಿ ಮಗಳೇ."

ಎದೆ ತುಂಬಿ ಬಂತು. ಅದರ ಬೆನ್ನಿಗೇ ಗಂಟಲು ಒಣಗಿತು. ಒಳ್ಳೆಯ ಸುದ್ದಿ ಬಂದಾಗಲೆಲ್ಲ ಗ್ಲಾಸು ಎತ್ತಿ ಅಭ್ಯಾಸವಾಗಿದ್ದ ಮೈ ಹಳೇ ಪಾಠ ಒಪ್ಪಿಸತೊಡಗಿತು. ಸಲಕರಣೆಯ ಚೀಲ ಅಲ್ಲೇ ಬಿಟ್ಟು ದಡದಡನೆ ಮೆಟ್ಟಿಲಿಳಿದ. ಮೂರನೇ ಮಹಡಿಯಲ್ಲಿ ನಿಂತ. ಕೇಂದ್ರದ ವಾರದ ಸಭೆಯಲ್ಲಿ ಪರಿಚಯವಾದ, ಆರು ವರ್ಷದಿಂದ ಕುಡಿಯದ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಫೋನ್ ಮಾಡಿದ.

"ಸಾರ್, ಕುಡೀಬೇಕು ಅನ್ನಿಸ್ತಿದೆ."

"ಯಾರು ಏನಂದ್ರು?"

"ಯಾರೂ ಏನೂ ಅನ್ನಲಿಲ್ಲ ಸಾರ್. ಮಗಳು ಭಾನುವಾರ ಬರ್ತಾಳಂತೆ."

ಆ ಕಡೆಯಿಂದ ನಗು ಕೇಳಿಸಿತು. "ಅಯ್ಯೋ ಪುಣ್ಯಾತ್ಮ, ಇಂಥ ಸುದ್ದೀನ ಬಾಟಲಿಗೆ ಯಾಕೆ ಹೇಳೋಕೆ ಹೊರಟೆ? ಹೆಂಡತಿ ಎಲ್ಲಿ?"

"ಟೈಲರ್ ಅಂಗಡೀಲಿ, ಕೆಲಸಕ್ಕೆ."

"ನಡಿ ಅಲ್ಲಿಗೆ. ನೀನು ತಲುಪೋ ತನಕ ನಾನು ಫೋನ್ ಇಡಲ್ಲ."

ಕೆಳಗಿಳಿದು ರಸ್ತೆಗೆ ಬಂದರೆ ಬಾರು ಎಡಕ್ಕೆ, ಅಂಗಡಿ ಬಲಕ್ಕೆ. ಫೋನ್ ಕಿವಿಗೊತ್ತಿಕೊಂಡು ಬಲಕ್ಕೆ ತಿರುಗಿದ.

ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ಕಂಡು ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಬಂದಳು, ಮೊದಲು ಅವನನ್ನು ಮೂಸಿದಳು.

"ಗ್ರೀಸು ಕಣೇ, ಬೇರೇನಿಲ್ಲ," ಎಂದ. ಮಗಳ ಮಾತು ಹೇಳಿದ. ಖುಷಿಯಾದದ್ದನ್ನೂ ಕಾಲು ಎತ್ತ ಎಳೆಯಿತೆಂಬುದನ್ನೂ ಮುಚ್ಚಿಡಲಿಲ್ಲ.

ಅವಳು ಬಟ್ಟೆ ರಾಶಿಯ ಮೇಲೆ ಕುಸಿದು ಕೂತಳು. ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಯಾರದೋ ಹೊಸ ಕೋಟಿನ ತೋಳು. "ನನ್ನ ಹತ್ರ ಬಂದ್ರಲ್ಲ, ಅಷ್ಟು ಸಾಕು ರೀ," ಎಂದಳು. "ಈಗ ಹೋಗಿ ಲಿಫ್ಟ್ ಸರಿಮಾಡಿ. ಜನ ಶಾಪ ಹಾಕ್ತಿರ್ತಾರೆ."

ಸಂಜೆಯೊಳಗೆ ಲಿಫ್ಟ್ ಓಡಿತು.

ಭಾನುವಾರ ಮಗಳು ಬಂದು ದೂರದ ಕುರ್ಚಿಯಲ್ಲಿ ಕೂತಳು. ಎರಡನೇ ಸಲ ಚಹಾ ಕುಡಿಯುವಾಗ ಕೇಳಿದಳು: "ಹೇಗಿದೆ ಅಪ್ಪ, ಈಗ?"

"ಖುಷಿ. ಸ್ವಲ್ಪ ಭಯ. ಎರಡೂ ಇರಲಿ ಬಿಡು, ಓಡಿಹೋಗೋ ಮನುಷ್ಯ ಅಲ್ಲ ನಾನೀಗ."

ಮಗಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.