ನಿಂತ ಸೀಸೆ, ಸುತ್ತುವ ಮದ್ದು

ಹೆಬೈ ಸೀಮೆಯ ನಮ್ಮ ಇಂಜೆಕ್ಷನ್ ಕಾರ್ಖಾನೆಯಲ್ಲಿ ಯಾನ್ ಗುಯಿಫೆನ್‌ಳ ಕಣ್ಣಿಗೆ ಇದ್ದ ಮರ್ಯಾದೆ ಅವಳಿಗೆ ಇರಲಿಲ್ಲ. ಕತ್ತಲೆ ಕೋಣೆ, ಒಂದು ದೀಪ, ಅದರ ಮುಂದೆ ಅವಳು. ಮದ್ದಿನ ಸೀಸೆಯನ್ನು ಗಿರ್ರನೆ ತಿರುಗಿಸಿ ಥಟ್ಟನೆ ನಿಲ್ಲಿಸಬೇಕು. ಗಾಜು ನಿಂತರೂ ಒಳಗಿನ ಮದ್ದು ಸುತ್ತುತ್ತಲೇ ಇರುತ್ತದೆ. ಕಣ್ಣಿಗೆ ಬಿದ್ದ ಚುಕ್ಕೆ ಇದ್ದಲ್ಲೇ ಇದ್ದರೆ ಅದು ಗಾಜಿನ ಕಲೆ. ತೇಲಿ ಹೋದರೆ ಕಸ, ಸೀಸೆ ಹೊರಕ್ಕೆ. ಹುಡುಗಿಯಾಗಿ ಒಳಗೆ ಹೋದವಳಿಗೆ ಅಲ್ಲೇ ತಲೆ ನರೆಯಿತು.

ಆ ಚಾಳಿ ಮನೆಗೂ ಹೋಗಿತ್ತು. ಸಾರಿನ ಬಟ್ಟಲನ್ನೂ ತಿರುಗಿಸಿ, ನಿಲ್ಲಿಸಿ, ದಿಟ್ಟಿಸದೆ ಕುಡಿಯುತ್ತಿರಲಿಲ್ಲ. ಮಗಳು ಒಮ್ಮೆ ಅತ್ತೇಬಿಟ್ಟಳಂತೆ: "ಅಮ್ಮಾ, ನನ್ನ ಮುಖ ನೋಡ್ತಿದೀಯೋ, ಕಸ ಹುಡುಕ್ತಿದೀಯೋ?"

ನಾನಿರುವುದು ಪ್ಯಾಕಿಂಗ್ ಮೇಜಿನಲ್ಲಿ, ಕಿಟಕಿಯ ಪಕ್ಕ. ಅಲ್ಲಿ ಬಿಸಿಲೂ ಉಂಟು, ಹರಟೆಯೂ ಉಂಟು. ನನ್ನ ಪಕ್ಕದ ಜಾಗ ಖಾಲಿಯಾದಾಗ ಗುಯಿಫೆನ್ ನಮ್ಮ ಮೇಸ್ತ್ರಿ ಟಾವೊನ ಮುಂದೆ ಹೋಗಿ ನಿಂತಳು.

"ನನ್ನನ್ನ ಆಚೆ ಬಿಡಿ ಮೇಸ್ತ್ರಿ. ಆ ಕತ್ತಲೆ ಸಾಕಾಗಿದೆ."

"ನಿನ್ನಂಥ ಕಣ್ಣು ಎಲ್ಲಿಂದ ತರ್ಲಿ ಅಕ್ಕಾ? ಕಣ್ಣು ಕೆಟ್ಟ ದಿನ ಬಾ, ಮರುಮಾತಿಲ್ದೆ ಕಳಿಸ್ತೀನಿ" ಎಂದು ಅವನು ಟೀ ಹೀರಿದ. ಹಾಲು ಕರೆಯುವ ಹಸುವನ್ನು ಯಾರು ಬಿಚ್ಚುತ್ತಾರೆ?

ವರ್ಷಕ್ಕೊಮ್ಮೆ ನಮಗೆಲ್ಲ ಕಣ್ಣಿನ ಪರೀಕ್ಷೆ. ಸಾಲಿನಲ್ಲಿ ನಿಂತಿದ್ದಾಗ ಅವಳು ನನ್ನ ಕಿವಿಯಲ್ಲಿ, "ಈ ಸಲ ನಾನು ಕುರುಡಿ ಕಣೇ. ನಿನ್ ಪಕ್ಕದ ಕುರ್ಚಿ ಒರೆಸಿಡು" ಎಂದಳು. ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿ ತುಂಟತನ ಕಂಡೆ.

ಬೋರ್ಡಿನ ತುಂಬ ಇಂಗ್ಲಿಷಿನ E ಅಕ್ಷರವೇ, ಒಂದೊಂದೂ ಒಂದೊಂದು ದಿಕ್ಕಿಗೆ ಬಾಯಿ ತೆರೆದಿರುತ್ತದೆ. ಬಾಯಿ ಎತ್ತಲೋ ಅತ್ತ ಕೈ ತೋರಿಸಬೇಕು. ನರ್ಸಮ್ಮ ಕೋಲಿಟ್ಟಲ್ಲೆಲ್ಲ ಗುಯಿಫೆನ್ ತಪ್ಪು ತೋರಿಸಿದಳು. ದೊಡ್ಡ ಅಕ್ಷರವೂ ತಪ್ಪು, ಸಾಸಿವೆಯಷ್ಟು ಅಕ್ಷರವೂ ತಪ್ಪು. ಗೆದ್ದಳು ಎಂದುಕೊಂಡೆ.

ನರ್ಸಮ್ಮ ಕೋಲು ಇಳಿಸಿ ಪಕ್ಕದಲ್ಲೇ ನಿಂತಿದ್ದ ಟಾವೊನ ಕಡೆ ತಿರುಗಿದಳು. "ಕಾಣದವ್ರು ಊಹೆ ಮೇಲೆ ಒಂದೆರಡಾದ್ರೂ ಸರಿ ತೋರಿಸ್ತಾರೆ. ಈಯಮ್ಮ ಕೊನೇ ಸಾಲಿನವರೆಗೂ ಒಂದೂ ಬಿಡದೆ ನೇರ ಉಲ್ಟಾ ತೋರಿಸಿದ್ಲು. ಆ ಸಾಲು ಕನ್ನಡಕ ಹಾಕಿದ್ರೂ ನಂಗೇ ಕಾಣಲ್ಲ!"

ಸುಳ್ಳು ಹೇಳುವಾಗಲೂ ಅಚ್ಚುಕಟ್ಟು ಬಿಡದ ಹೆಂಗಸು! ಟಾವೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಈ ಕಣ್ಣನ್ನ ನಾನು ಬಿಡ್ತೀನಾ ಅಕ್ಕಾ?" ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

ಕತ್ತಲೆ ಕೋಣೆಯ ಬಾಗಿಲವರೆಗೂ ಅವಳ ಹಿಂದೆಯೇ ಹೋದೆ. "ನಡುನಡುವೆ ಒಂದೆರಡು ಸರಿ ತೋರಿಸಬಾರದಿತ್ತೇನೇ?"

"ಹೆದರ್ಕೊಂಡೆ ಕಣೇ" ಎಂದಳು. "ಒಂದು ಸರಿಯಾದ್ರೂ ಇಲ್ಲೇ ಇಟ್ಕೊಂಡ್ಬಿಡ್ತಾರೆ ಅಂತ."

ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.